ಎಡಬದಿಯ ಎಣ್ಣೆ

ಎಣ್ಣೆ ಯಂತ್ರವನ್ನು ಹನ್ನೊಂದನೆಯ ಲೇನಿನ ತುದಿಗೆ ತಂದು ನಿಲ್ಲಿಸಿ, ಗುಂಡಿ ಒತ್ತುವ ಮೊದಲು ಆರ್ಡಿತ್ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಇದ್ದಿದ್ದರೂ ನೋಡುವುದಕ್ಕೆ ಏನಿತ್ತು? ಚೆಂಡು ಉರುಳಿಸಿ ಪಿನ್ನು ಬೀಳಿಸುವ ಬೌಲಿಂಗ್ ಆಟದ ಉದ್ದನೆಯ ಲೇನಿಗೆ ಎಣ್ಣೆ ಹಾಕುವುದು ಅವಳ ಕೆಲಸ; ಮಗಳು ಹುಟ್ಟುವ ಮೊದಲಿನಿಂದಲೂ ಈ ಬೌಲಿಂಗ್ ಮನೆಯಲ್ಲಿ, ಕ್ಲೋವರ್ ಲೇನ್ಸ್‌ನಲ್ಲಿ ಬೆಳಗಾದರೆ ಮಾಡುತ್ತ ಬಂದದ್ದು ಇದನ್ನೇ. ಪೆಟ್ಟಿಗೆಯಂಥ ಯಂತ್ರ ಗುರ್ರೆನ್ನುತ್ತ ಪಿನ್ನುಗಳ ತನಕ ತೆವಳಿಕೊಂಡು ಹೋಗಿ, ಹಳೆಯ ಎಣ್ಣೆ ಒರೆಸಿ ಹೊಸದನ್ನು ಬಳಿದು, ಸಾಕಿದ ದನದ ಹಾಗೆ ತಾನೇ ಹಿಂದಕ್ಕೆ ಬರುತ್ತದೆ. ಎಲ್ಲಿಗೆ ಎಷ್ಟು ಎಣ್ಣೆ ಎಂದು ಯಂತ್ರಕ್ಕೆ ಹೇಳುವವಳು ಅವಳು. ಎಣ್ಣೆ ಇರುವಲ್ಲಿ ಚೆಂಡು ಜಾರುತ್ತದೆ, ಒಣಗಿರುವಲ್ಲಿ ನೆಲ ಹಿಡಿದು ಪಿನ್ನುಗಳ ಕಡೆ ತಿರುಗುತ್ತದೆ. ಆಟವೆಂದರೆ ಇಷ್ಟೇ, ಉಳಿದದ್ದೆಲ್ಲ ಆಡುವವರ ಜಂಬ ಎಂದು ಅವಳು ಎಷ್ಟೋ ಸಲ ನಕ್ಕಿದ್ದಾಳೆ. ಕಳೆದ ತಿಂಗಳ ಆ ಶನಿವಾರದಿಂದ ಈಚೆಗೆ ನಗು ಬಂದಿಲ್ಲ. ಗುಂಡಿಯ ಮೇಲೆ ಬೆರಳಿಟ್ಟ ಕೂಡಲೇ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳನ್ನು ಯಾರೂ ಕಳ್ಳಿ ಎನ್ನದೆಯೇ ಹೆಗಲು ಸವೆಯುವಷ್ಟು ಮುಟ್ಟಿಕೊಂಡಾಗಿತ್ತು.

ಇವತ್ತು ಊಟದ ಹೊತ್ತು ಕಳೆದ ಮೇಲೆ ನೆಬ್ರಾಸ್ಕಾದಿಂದ ಫೋನ್ ಬರುತ್ತದೆ. ಹಾರ್ಲನ್ ಕಾಲೇಜಿನ ಕೋಚ್ ಹಾಲ್ವರ್ಸನ್, ಗಂಟಲಲ್ಲಿ ಸದಾ ಶೀತ ಕಟ್ಟಿದಂತಿರುವ ಎತ್ತರದ ಹೆಂಗಸು, ಬರುತ್ತೀಯೋ ಇಲ್ಲವೋ ಎಂದು ಆರ್ಡಿತಳ ಮಗಳು ಜೋಸ್ಲಿನ್‌ಳನ್ನು ಕೇಳುತ್ತಾಳೆ. ಹಾರ್ಲನ್ನಿನ ಹುಡುಗಿಯರ ಬೌಲಿಂಗ್ ತಂಡವೆಂದರೆ ದೇಶದ ಮೂಲೆಮೂಲೆಯ ಹುಡುಗಿಯರು ಬಾಯಿಬಿಡುವ ತಂಡ. ಅದರಲ್ಲಿ ಈ ವರ್ಷ ಉಳಿದಿರುವುದು ಒಂದೇ ಒಂದು ಜಾಗ. ಅದನ್ನು ಒಲ್ಲೆನೆಂದರೆ ಸೇಂಟ್ ಓಡಿಲಿಯಾ ಇದೆ, ಮನೆಯಿಂದ ಒಂದು ಗಂಟೆಯ ದಾರಿ, ತಂಡ ಕಟ್ಟಿ ಇನ್ನೂ ಎರಡನೆಯ ವರ್ಷ, ಬೆಳಿಗ್ಗೆ ಗಣಿತ ಕಲಿಸುವವಳೇ ಸಂಜೆ ಬೌಲಿಂಗ್ ಕಲಿಸುತ್ತಾಳೆ. ಆಕೆ ಜೋಸ್ಲಿನ್ ಬೇಕು ಎಂದಿದ್ದಾಳೆ, ಅವಳ ಗೆಳತಿ ರೆನಾಟಾಳೂ ಬೇಕು ಎಂದಿದ್ದಾಳೆ. ಜೋಸ್ಲಿನ್ ಒಂದು ದಿನ ಹಾರ್ಲನ್ ಎನ್ನುತ್ತಾಳೆ, ಮರುದಿನ ಓಡಿಲಿಯಾ ಎನ್ನುತ್ತಾಳೆ, ಮೂರನೆಯ ದಿನ ತಟ್ಟೆಯಲ್ಲಿ ಆಲೂಗಡ್ಡೆ ಕೆದಕುತ್ತ ಸುಮ್ಮನೆ ಕೂರುತ್ತಾಳೆ. ಆರ್ಡಿತ್ ಬಾಯಲ್ಲಿ 'ನಿನ್ನಿಷ್ಟ' ಎಂದಿದ್ದಳು. ಒಳಗೊಳಗೆ ಅವಳಿಗೆ ಹಾರ್ಲನ್ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ತಾನು ಹುಡುಗಿಯಾಗಿದ್ದಾಗ ಇದೇ ಲೇನುಗಳಲ್ಲಿ ಗಂಡಸರನ್ನೆಲ್ಲ ಸೋಲಿಸಿದ್ದಳು; ಆಗ ಸಿಕ್ಕ ಬಹುಮಾನ, 'ಚೆನ್ನಾಗಿ ಆಡ್ತೀಯ, ಇಲ್ಲೇ ಕೆಲಸಕ್ಕೆ ಸೇರ್ಕೊ' ಎಂದ ಮಾಲೀಕನ ಮಾತು. ಅದನ್ನು ದೊಡ್ಡ ಮರ್ಯಾದೆ ಎಂದುಕೊಂಡು ಅಮ್ಮನಿಗೆ ಹೇಳಲು ಹಿಮದಲ್ಲಿ ಓಡಿಕೊಂಡು ಹೋಗಿದ್ದಳು. ಅದು ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ.

"ಮಿಸೆಸ್ ಕೆ! ಏನಿದು, ಯಂತ್ರ ಕೆಲಸ ಮುಗಿಸಿ ವಾಪಸ್ ಬಂದು ನಿಮ್ಮನ್ನೇ ಕಾಯ್ತಿದೆ, ನೀವು ನಿಂತು ಯಾರನ್ನ ಕಾಯ್ತಿದೀರಿ?"

ರೆನಾಟಾ ಸಿಕೋರಾ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದಳು. ಶನಿವಾರಗಳಲ್ಲಿ ಬಾಡಿಗೆ ಶೂ ಕೊಡುವ ಕಟ್ಟೆಯ ಹಿಂದೆ ನಿಲ್ಲುವವಳು ಅವಳೇ. ಜೋಸ್ಲಿನ್ ಮತ್ತು ಅವಳು ಆರನೆಯ ತರಗತಿಯಿಂದ ಒಂದೇ ತಂಡ, ಒಂದೇ ಬಸ್ಸು, ಆರ್ಡಿತಳ ಅಡುಗೆಮನೆಯಲ್ಲಿ ಒಂದೇ ಬೆಂಚು. ಉದ್ದ ಕಾಲಿನ, ಬಾಯಿ ಮುಚ್ಚದ, ಎಡಗೈ ಹುಡುಗಿ.

"ನಿಂತಿಲ್ಲ ಕಣೆ, ಯೋಚಿಸ್ತಿದ್ದೆ," ಎಂದಳು ಆರ್ಡಿತ್.

"ನೀವು ಯೋಚಿಸಿದ್ರೆ ನಮ್ಮ ಗತಿ? ಜೋಸ್ ಒಬ್ಬಳು ಯೋಚಿಸ್ತಿರೋದು ಸಾಕು. ನಿನ್ನೆ ನನಗೆ ಮೂರು ಸಲ ಫೋನ್ ಮಾಡಿದ್ಲು. ನಾನಂದೆ, ಹಾರ್ಲನ್‌ಗೆ ಹೋಗದೆ ಇದ್ರೆ ನಿನ್ನ ಮುಖ ನೋಡಲ್ಲ ಅಂತ."

"ಹಂಗಂದ್ಯಾ?"

"ಮತ್ತೆ? ನನಗೆ ಸಿಗಲಿಲ್ಲ ಅಂತ ಅವಳೂ ಬಿಡೋದಾ? ಒಬ್ಬರಾದ್ರೂ ಟೀವೀಲಿ ಬರಲಿ. ನಾನು ಓಡಿಲಿಯಾದಲ್ಲಿ ಕೂತು ಎಲ್ಲರಿಗೂ ತೋರಿಸ್ತೀನಿ, ನೋಡ್ರೇ, ಇವಳಿಗೆ ಬೌಲಿಂಗ್ ಕಲಿಸಿದ್ದು ನಾನು."

ಆರ್ಡಿತ್ ಹನ್ನೆರಡನೆಯ ಲೇನಿಗೆ ಯಂತ್ರ ಎಳೆದುಕೊಂಡು ಹೋದಳು. ಹುಡುಗಿ ಬೈದಿದ್ದರೆ ಚೆನ್ನಾಗಿತ್ತು. ಮುಖ ಊದಿಸಿಕೊಂಡು ಒಂದು ವಾರ ಮನೆಗೆ ಬರದಿದ್ದರೂ ಸಾಕಿತ್ತು. ಆ ಶನಿವಾರ ಸಂಜೆಯೂ ಅವಳು ಬಂದು, ಎಲ್ಲರಿಗಿಂತ ಹೆಚ್ಚು ತಿಂದು, ಕೈಗಂಟನ್ನು ಮಂಜುಗಡ್ಡೆಯ ಚೀಲದಲ್ಲಿ ಸುತ್ತಿಕೊಂಡು, 'ಇವತ್ತು ಈ ಕೈ ನನಗೆ ದ್ರೋಹ ಮಾಡ್ತು ಮಿಸೆಸ್ ಕೆ' ಎಂದು ನಕ್ಕಿದ್ದಳು. ಆರ್ಡಿತ್ ಎದ್ದು ಇನ್ನೊಂದು ಚೀಲ ಮಂಜುಗಡ್ಡೆ ತಂದುಕೊಟ್ಟಿದ್ದಳು. ಯಾವ ನೋವೂ ಇಲ್ಲದ ಕೈಗೆ ತಾನೇ ಮಂಜುಗಡ್ಡೆ ಕಟ್ಟಿದ್ದಳು, ಎರಡು ಗಂಟು ಹಾಕಿ.

ಎಡಗೈಯವರ ಮೇಲೆ ಬಲಗೈಯವರಿಗೆ ಇರುವ ಹೊಟ್ಟೆಯುರಿ ಇವತ್ತಿನದಲ್ಲ. ಬಲಗೈಯವರೇ ಹೆಚ್ಚು, ಹಾಗಾಗಿ ಅವರ ಕಡೆಯ ಎಣ್ಣೆ ಎಲ್ಲರ ಚೆಂಡು ಉರುಳಿ ಉರುಳಿ ಬೇಗ ಕದಡುತ್ತದೆ. ಎಡಬದಿ ಕೊನೆಯ ತನಕ ಹಾಗೆಯೇ ಉಳಿಯುತ್ತದೆ. 'ನಿಮಗೇನಮ್ಮ, ನಿಮ್ಮ ಕಡೆ ರಸ್ತೆ ಖಾಲಿ' ಎಂದು ಸಿಗರೇಟು ಸೇದಲು ಹೊರಗೆ ಹೋಗುವ ಗಂಡಸರೂ ರೆನಾಟಾಳನ್ನು ಕೆಣಕದೆ ಬಿಡುವುದಿಲ್ಲ. ಕೋಚ್ ಹಾಲ್ವರ್ಸನ್ ಇಬ್ಬರು ಹುಡುಗಿಯರ ಆಟವನ್ನೂ ನೋಡಲು ಬರಲಿದ್ದ ಆ ಶನಿವಾರ ಬೆಳಿಗ್ಗೆ, ಇದೇ ಜಾಗದಲ್ಲಿ ನಿಂತು, ಆರ್ಡಿತ್ ಅದೇ ಮಾತನ್ನು ನ್ಯಾಯದ ಮಾತಿನ ಹಾಗೆ ತನಗೆ ತಾನೇ ಹೇಳಿಕೊಂಡಿದ್ದಳು. ರಸ್ತೆ ಖಾಲಿ ಇರುವವಳಿಗೆ ಸ್ವಲ್ಪ ಅಡ್ಡಿ ಇರಲಿ. ಸಮ ಮಾಡುವುದು ತಪ್ಪೇನು? ಯಂತ್ರಕ್ಕೆ ಹೇಳಿ ಎಡಬದಿಯ ಅಂಚಿನಲ್ಲಿ, ಚೆಂಡು ಒಣನೆಲ ಹಿಡಿದು ತಿರುಗಬೇಕಾದ ಜಾಗದಲ್ಲಿ, ಎಣ್ಣೆ ಬಳಿಸಿದಳು. ಬಲಬದಿಯ ಅಂಚನ್ನು ಒಣಗಲು ಬಿಟ್ಟು, ಜೋಸ್ಲಿನ್ ತುಸು ತಪ್ಪಿ ಎಸೆದರೂ ಚೆಂಡು ತಾನಾಗಿ ಒಳಕ್ಕೆ ತಿರುಗಿ ಬರುವ ಹಾಗೆ ಮಾಡಿದಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಎಣ್ಣೆ ಬಳಿದ ನೆಲ ಯಾವುದಾದರೂ ನೋಡುವವರ ಕಣ್ಣಿಗೆ ಒಂದೇ ಥರ ಹೊಳೆಯುತ್ತದೆ. ದೀಪದ ಬೆಳಕಿನಲ್ಲಿ ಅದು ಎಷ್ಟು ಚೆನ್ನಾಗಿತ್ತೆಂದರೆ, ಆರ್ಡಿತ್ ಅರೆಕ್ಷಣ ತನ್ನ ಕೆಲಸದ ಬಗ್ಗೆ ಹೆಮ್ಮೆ ಪಟ್ಟಿದ್ದಳು. ಆ ಹೆಮ್ಮೆಯೇ ಈಗ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವುದು.

ರೆನಾಟಾಳ ಚೆಂಡು ಆ ದಿನ ಅಂಚಿಗೆ ಹೋದದ್ದು ಮತ್ತೆ ಬರಲೇ ಇಲ್ಲ. ಜಾರುತ್ತ ಜಾರುತ್ತ ನೇರ ಹೋಗಿ ಮೂಲೆಯ ಪಿನ್ನೊಂದನ್ನು ಬೀಳಿಸಿ ಕತ್ತಲೆಗೆ ಬೀಳುತ್ತಿತ್ತು. ಬೇರೆ ಊರಿನ ಲೇನಾಗಿದ್ದರೆ ಎರಡು ಎಸೆತಕ್ಕೇ ಅವಳು ಜಾಗ ಬದಲಿಸುತ್ತಿದ್ದಳು. ಪರವೂರಿನ ನೆಲವನ್ನು ಅನುಮಾನಿಸಲು ಎಲ್ಲರೂ ಕಲಿತಿರುತ್ತಾರೆ. ಇದು ಅವಳು ಬೆಳೆದ ನೆಲ, ಮಿಸೆಸ್ ಕೆ ಹಾಕಿದ ಎಣ್ಣೆ. ಹಾಗಾಗಿ ಅವಳು ತನ್ನ ಕೈಗಂಟನ್ನು ಅನುಮಾನಿಸಿದಳು, ಹೆಜ್ಜೆಯನ್ನು ಅನುಮಾನಿಸಿದಳು, ಹೆಬ್ಬೆರಳಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಪ್ರತಿ ಸಲವೂ ಹಿಂದಕ್ಕೆ ಬರುವಾಗ ನಗುತ್ತ ಬಂದಳು. ಕೋಚ್ ಹಾಲ್ವರ್ಸನ್ ಹಿಂದಿನ ಸಾಲಿನಲ್ಲಿ ಕೂತು ಕೆಮ್ಮು ಗುಳಿಗೆ ಚೀಪುತ್ತ ನೋಡುತ್ತಿದ್ದಳು. ಕೊನೆಕೊನೆಗೆ ಆಕೆ ಎಡಗೈ ಹುಡುಗಿಯ ಸರದಿ ಬಂದಾಗ ಫೋನ್ ನೋಡತೊಡಗಿದ್ದು ಆರ್ಡಿತ್‌ಗೆ ಕಂಡಿತು. ಕಂಡು, ಸಮಾಧಾನವಾಯಿತು.

ಮಧ್ಯಾಹ್ನದ ಹೊತ್ತಿಗೆ ಹೆಂಗಸರ ಲೀಗ್ ಸೇರಿ ಗದ್ದಲವಾಯಿತು. ಎಲ್ಲರಿಗಿಂತ ಹಿರಿಯಳಾದ ವಿಲ್ಮಾ ತನ್ನ ಊರುಗೋಲನ್ನು ಚೆಂಡಿನ ಚೀಲಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ದೊಡ್ಡದೊಂದು ಕೇಕನ್ನು ಹಿಡಿದು ಬಂದಳು. ಬಿಳಿ ಕೆನೆಯ ಮೇಲೆ ಹಸಿರು ಅಕ್ಷರದಲ್ಲಿ ಹಾರ್ಲನ್ ಎಂದು ಬರೆದಿತ್ತು.

"ಇನ್ನೂ ಅವಳು ಹೂಂ ಅಂದೇ ಇಲ್ವಲ್ಲ ವಿಲ್ಮಾ," ಎಂದಳು ಆರ್ಡಿತ್.

"ಅನ್ನದೆ ಏನ್ ಮಾಡ್ತಾಳೆ? ನನ್ನ ಕೇಕ್ ತಿಂದ್ಮೇಲೆ ಅನ್ನಲೇಬೇಕು. ಊರು ಹುಟ್ಟಿದಾಗಿಂದ ಇಲ್ಲಿಂದ ಒಬ್ಬಳು ಅಷ್ಟು ದೂರ ಹೋಗಿದ್ದಿಲ್ಲ ಕಣೆ. ನೀನು ಹೋಗ್ಬೇಕಿತ್ತು, ಎಣ್ಣೆ ಹಾಕ್ಕೊಂಡು ಕೂತೆ. ಹೋಗ್ಲಿ, ಹೆತ್ತದ್ದು ಹೋಗ್ತದಲ್ಲ." ವಿಲ್ಮಾ ತಗ್ಗಿದ ದನಿ ಎಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಮುಂದುವರಿಸಿದಳು, "ಅಕ್ಷರ ನೋಡು, ಎಷ್ಟು ಮುದ್ದಾಗಿದೆ. ನನ್ನ ಕೈ ನಡುಗ್ತದೆ ಅಂತ ಆ ಸಿಕೋರಾ ಹುಡುಗಿ ಬಂದು ಬರೆದುಕೊಟ್ಲು. ಪಾಪ, ಆ ದಿನ ಅವಳಿಗೇನಾಗಿತ್ತೋ, ದೆವ್ವ ಮೆಟ್ಟಿದ ಹಾಗೆ ಆಡಿದ್ಲು."

"ಎಡಗೈಯವರಿಗೆ ಯಾವತ್ತೂ ಅದೃಷ್ಟ ಜಾಸ್ತಿ ವಿಲ್ಮಾ," ಎಂದು ಕಟ್ಟೆಯ ಹಿಂದಿನಿಂದ ರೆನಾಟಾ ಕೂಗಿದಳು, "ಒಂದ್ ದಿನ ನಿಮಗೂ ಇರಲಿ ಅಂತ ಬಿಟ್ಕೊಟ್ಟೆ!"

ಎಲ್ಲರೂ ನಕ್ಕರು. ವಿಲ್ಮಾ ಕೊಟ್ಟ ತುಂಡಿನಲ್ಲಿ ಹಸಿರು ಕೆನೆಯ ಒಂದು ಅಕ್ಷರ ಪೂರ್ತಿ ಬಂದಿತ್ತು. ಆರ್ಡಿತ್ ಎಲ್ಲರ ಎದುರು ನಿಂತು ಅದನ್ನು ತಿಂದಳು. ತುಂಬ ಸಿಹಿಯಾಗಿತ್ತು, ನುಂಗಲಾರದೆ ನೀರು ಕುಡಿದು ನುಂಗಿದಳು. ಇವತ್ತು ಹೇಳಿಬಿಡಬೇಕು, ಫೋನ್ ಬರುವುದಕ್ಕೆ ಮೊದಲೇ ಹೇಳಬೇಕು, ಅನ್ನಿಸಿತು. ಹೇಳಿದರೆ ಜೋಸ್ಲಿನ್ ಹಾರ್ಲನ್ನಿಗೆ ಹೋಗಲಾರಳು, ತನ್ನ ಮಗಳನ್ನು ತಾನು ಬಲ್ಲಳು. ಹೇಳದಿದ್ದರೆ ಹೋಗುತ್ತಾಳೆ, ನಾಲ್ಕು ವರ್ಷ ಇನ್ನೊಬ್ಬಳ ಜಾಗದಲ್ಲಿ ಮಲಗಿ ಏಳುತ್ತಾಳೆ, ಅದು ಗೊತ್ತಿಲ್ಲದೆಯೇ ಸುಖವಾಗಿರುತ್ತಾಳೆ. ಸುಖವಾಗಿರಲಿ ಎಂದು ತಾನೇ ಮಾಡಿದ್ದು? ಅಲ್ಲ, ಅದೂ ಪೂರ್ತಿ ನಿಜವಲ್ಲ. ಕೋಚ್ ಫೋನ್ ನೋಡತೊಡಗಿದಾಗ ಆದ ಸಮಾಧಾನದಲ್ಲಿ ಜೋಸ್ಲಿನ್ ಇರಲೇ ಇಲ್ಲ. ಹಿಮದಲ್ಲಿ ಓಡಿದ ಆ ಪೆದ್ದು ಹುಡುಗಿ ಒಬ್ಬಳೇ ಇದ್ದಳು.

ಐದನೆಯ ಲೇನಿನ ಪಿನ್ನುಗಳು ಸಿಕ್ಕಿಹಾಕಿಕೊಂಡವೆಂದು ಯಾರೋ ಕೂಗಿದರು. ಆರ್ಡಿತ್ ಲೇನುಗಳ ಹಿಂದೆ, ಪಿನ್ನು ನಿಲ್ಲಿಸುವ ಯಂತ್ರಗಳ ಓಣಿಗೆ ಹೋದಳು. ಅಲ್ಲಿ ಪಿನ್ನುಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ, ಕಿವಿಗೆ ಬಾಯಿಟ್ಟು ಮಾತಾಡಬೇಕು. ಅವಳು ಸಿಕ್ಕಿದ ಪಿನ್ನನ್ನು ಎಳೆದು ಬಿಡಿಸಿ ತಿರುಗುವಾಗ ಜೋಸ್ಲಿನ್ ಬಾಗಿಲಲ್ಲಿ ನಿಂತಿದ್ದಳು, ಕೋಟು ಕೂಡ ತೆಗೆದಿರಲಿಲ್ಲ, ಕೈಯಲ್ಲಿ ಫೋನ್.

"ಅಮ್ಮ, ಇನ್ನೇನು ಅವರು ಮಾಡ್ತಾರೆ. ಏನ್ ಹೇಳ್ಲಿ?"

'ನಿನ್ನಿಷ್ಟ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ಆರ್ಡಿತ್ ಮಗಳ ಕಿವಿಯ ಹತ್ತಿರ ಬಾಗಿ, ಎಣ್ಣೆಯ ವಿಷಯ ಹೇಳಿದಳು. ಒಂದೇ ಉಸಿರಿಗೆ, ನೆವ ಹೇಳದೆ. ಸಮ ಮಾಡಿದೆ ಎಂಬ ಮಾತನ್ನು ಬಾಯಿಗೆ ತರಲು ನಾಚಿಕೆಯಾಯಿತು.

ಪಕ್ಕದ ಯಂತ್ರ ಹತ್ತು ಪಿನ್ನುಗಳನ್ನು ಗುಡಿಸಿ ಎತ್ತಿ ಮತ್ತೆ ನಿಲ್ಲಿಸಿತು.

"ಗೊತ್ತು," ಎಂದಳು ಜೋಸ್ಲಿನ್.

"ಏನು?"

"ಗೊತ್ತಿತ್ತು ಅಂದೆ. ರೆನಾಟಾ ಅವತ್ತು ಟವೆಲ್ ಮರೆತು ಬಂದಿದ್ಲಲ್ಲ, ಅವಳ ಚೆಂಡು ಒರೆಸಿಕೊಡ್ತಿದ್ದವಳು ನಾನೇ. ಅಷ್ಟು ಎಣ್ಣೆ ಹತ್ತೋಕೆ ಹೇಗಮ್ಮ ಸಾಧ್ಯ? ಕೋಚ್ ಮುಂದೆ ನಮ್ಮ ತಂಡದ ಐದು ಜನ ಒಂದೇ ಆಟ ಸರದಿ ಮೇಲೆ ಆಡಿದ್ವಲ್ಲ, ಬೇರೆ ಯಾರ ಚೆಂಡಿಗೂ ಅಷ್ಟು ಹತ್ತಿರ್ಲಿಲ್ಲ, ಆಗ್ಲೇ ಗೊತ್ತಾಯ್ತು. ನಾನು ಒಂದು ಮಾತು ಹೇಳಿದ್ರೆ ಸಾಕಿತ್ತು. ಅಂಚಿಗೆ ಹೋಗ್ಬೇಡ ಕಣೆ, ಒಳಗಿಂದ ಆಡು, ಅಲ್ಲಿ ಎಣ್ಣೆ ಇದೆ ಅಂತ."

ಆರ್ಡಿತ್ ಮಗಳ ಮುಖ ನೋಡಿದಳು. ಲೇನಿನಲ್ಲಿ ಕಂಡದ್ದನ್ನು ತಂಡದವರಿಗೆ ಹೇಳಬೇಕು. ಚೆಂಡು ಹಿಡಿಯುವುದನ್ನು ಕಲಿಸುವ ಮೊದಲು ಮಕ್ಕಳಿಗೆ ಅವಳೇ ಕಲಿಸುತ್ತಿದ್ದ ಪಾಠ ಇದು.

"ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹಾಕಿದೆ?" ಜೋಸ್ಲಿನ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. "ಹೇಳ್ಬೇಕು ಅಂತ ಪ್ರತಿ ಸಲ ಬಾಯಿ ತೆಗೆದೆ. ಅಷ್ಟರಲ್ಲಿ ನನ್ನ ಸರದಿ ಬರ್ತಿತ್ತು, ಒಂದೇ ಎಸೆತಕ್ಕೆ ಹತ್ತೂ ಪಿನ್ನು ಬಿದ್ದು ಸ್ಟ್ರೈಕ್ ಆಗ್ತಿತ್ತು. ಅಮ್ಮ, ನನಗೆ ಅಲ್ಲಿಗೆ ಹೋಗ್ಬೇಕು ಅನ್ನಿಸ್ತಿತ್ತು. ಅವಳಿಗಿಂತ ಜಾಸ್ತಿ ನನಗೇ ಬೇಕು ಅನ್ನಿಸ್ತಿತ್ತು. ಈಗಲೂ ಅನ್ನಿಸ್ತದೆ."

ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕೆನ್ನಿಸಿತು. ಕೈಯೆಲ್ಲ ಕರಿ ಗ್ರೀಸು. ಇಷ್ಟು ದಿನ ಪಾಪವೆಲ್ಲ ತನ್ನದೊಬ್ಬಳದೇ ಎಂದು ನರಳಿದ್ದರಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತೆಂದು ಅದು ಹೋದ ಮೇಲೆ ತಿಳಿಯಿತು. ಮಗಳು ಒಳ್ಳೆಯವಳು ಎಂಬ ನೆಮ್ಮದಿ ಅದು. ಲೇನಿಗೆ ಹಾಕಿದ ಎಣ್ಣೆ ಲೇನಿನಲ್ಲಷ್ಟೇ ಉಳಿಯುವುದಿಲ್ಲ.

ಫೋನ್ ಬೆಳಗಿತು. ಆ ಸದ್ದಿನಲ್ಲಿ ರಿಂಗ್ ಕೇಳಿಸಲಿಲ್ಲ, ಜೋಸ್ಲಿನ್‌ಳ ಅಂಗೈಯಲ್ಲಿ ಬೆಳಕು ಮಾತ್ರ ಕಂಡಿತು. ಅವಳು ಅಮ್ಮನನ್ನು ಒಮ್ಮೆ ನೋಡಿ, ಹಿಂದಿನ ಬಾಗಿಲು ತೆರೆದುಕೊಂಡು ಹಿಮಕ್ಕೆ ಇಳಿದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಆರ್ಡಿತ್‌ಗೆ ಮಗಳ ಬೆನ್ನು ಕಂಡಿತು, ಬಾಯಿಂದ ಹೊರಡುವ ಹಬೆ ಕಂಡಿತು. ಹೇಳುವುದಿದ್ದರೆ ಅವಳು ಈಗ ಹೇಳುತ್ತಾಳೆ, ಇನ್ನೊಬ್ಬ ಹುಡುಗಿಯನ್ನು ಮತ್ತೊಮ್ಮೆ ಬಂದು ನೋಡಿ ಎನ್ನುತ್ತಾಳೆ. ಆರ್ಡಿತ್ ಅದಕ್ಕಾಗಿ ಹಾರೈಸಿದಳು, ಹಾರೈಸುತ್ತಲೇ ಬೇಡವೆಂದಳು. ಮಾತು ಬಹಳ ಹೊತ್ತು ನಡೆಯಲಿಲ್ಲ. ಜೋಸ್ಲಿನ್ ಹೌದೆಂಬಂತೆ ತಲೆಯಾಡಿಸಿದಳು; ಆರ್ಡಿತ್ ಸಂದಿಗೆ ಕಿವಿಯಿಟ್ಟಳು, ಥ್ಯಾಂಕ್ಯೂ ಎಂದದ್ದು, ಮತ್ತೊಮ್ಮೆ ಥ್ಯಾಂಕ್ಯೂ ಎಂದದ್ದು ಕೇಳಿಸಿತು. ಫೋನನ್ನು ಜೇಬಿಗಿಟ್ಟುಕೊಂಡ ಮೇಲೂ ಅಲ್ಲೇ, ಆ ಚಳಿಯಲ್ಲಿ, ಗೋಡೆ ನೋಡುತ್ತ ನಿಂತಳು.

ಆರ್ಡಿತ್ ಮುಂದಕ್ಕೆ ಬರುವಾಗ ರೆನಾಟಾ ಶೂಗಳಿಗೆ ಔಷಧಿ ಸಿಂಪಡಿಸಿ ಒಂದೊಂದನ್ನೇ ಗೂಡಿಗೆ ತಳ್ಳುತ್ತಿದ್ದಳು.

"ಫೋನ್ ಬಂತಾ?"

"ಬಂತು. ಹೂಂ ಅಂದ್ಲು."

ರೆನಾಟಾ ಕೈಯಲ್ಲಿದ್ದ ಶೂವನ್ನು ಮೇಲಕ್ಕೆ ಎಸೆದು ಹಿಡಿದುಕೊಂಡಳು. "ಕೊನೆಗೂ! ನಾಚಿಕೆಗೇಡಿ, ನನಗೆ ಹೇಳದೆ ಎಲ್ಲಿ ಅಡಗಿದಾಳೆ?" ಹೊರಟವಳು ಏನೋ ನೆನಪಾಗಿ ತಿರುಗಿದಳು. "ಮಿಸೆಸ್ ಕೆ, ಒಂದು ಉಪಕಾರ ಮಾಡ್ತೀರಾ? ಅವತ್ತು ಹಾಕಿದ್ರಲ್ಲ ಎಣ್ಣೆ, ಅದನ್ನೇ ಇನ್ನೊಂದು ಸಲ ಹಾಕ್ಕೊಡಿ. ಒಂದೇ ಒಂದು ಲೇನಿಗೆ ಸಾಕು. ಕೈಗಂಟು ನೆಟ್ಟಗೇ ಇದೆ ಅಂತ ಡಾಕ್ಟರು ಹೇಳ್ತಾರೆ, ಅಂದ್ಮೇಲೆ ನಾನೇ ನೆಟ್ಟಗಿಲ್ಲ. ಆ ಎಣ್ಣೆ ಮೇಲೆ ಆಡೋದು ಬರೋ ತನಕ ಬಿಡಲ್ಲ ನಾನು. ಓಡಿಲಿಯಾದಲ್ಲಿ ಮಾನ ಕಳ್ಕೊಳ್ಳೋದು ಬೇಡ."

ಹಾಕಿಕೊಡುತ್ತೇನೆ ಎಂದರೆ ಮುಗಿಯುತ್ತಿತ್ತು. ಸರಿಯಾದ ಎಣ್ಣೆ ಹಾಕಿ, ಇದೇ ಅದು ಎಂದು ಹೇಳಿ, ಹುಡುಗಿ ಗೆಲ್ಲುವುದನ್ನು ನೋಡಬಹುದಿತ್ತು. ಆದರೆ ಈ ಹುಡುಗಿ ಡಾಕ್ಟರ ಬಳಿಗೂ ಹೋಗಿ ಬಂದಿದ್ದಳು. ಇಲ್ಲದ ರೋಗವನ್ನು ತನ್ನ ಮೈಯಲ್ಲಿ ಹುಡುಕುತ್ತಿದ್ದಳು. ಆರ್ಡಿತ್ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೆನಾಟಾ, ಆ ಎಣ್ಣೆ ಸರಿ ಇರಲಿಲ್ಲ. ಎಡಗಡೆ ಅಂಚಿಗೆ ಬೇಕಂತಲೇ ಹಾಕಿದ್ದೆ. ನಿನ್ನ ಚೆಂಡು ತಿರುಗಬಾರದು ಅಂತ. ಜೋಸ್‌ಗೆ ಜಾಗ ಸಿಗಲಿ ಅಂತ. ನಿನ್ನ ಕೈಗೆ ಏನೂ ಆಗಿಲ್ಲ, ನಿನಗೂ ಏನೂ ಆಗಿಲ್ಲ."

ಹುಡುಗಿಯ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತವಳ ಹಾಗೆ. ಆಮೇಲೆ ಅದು ಹೋಯಿತು. ಕೈಯಲ್ಲಿದ್ದ ಶೂವಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಚೆ ಹೆಂಗಸರು ಯಾರದೋ ಸ್ಟ್ರೈಕಿಗೆ ಚಪ್ಪಾಳೆ ತಟ್ಟಿದರು. ಬೈಯಲಿ, ಕೂಗಲಿ, ವಿಲ್ಮಾಗೂ ಕೇಳಲಿ, ಕೆಲಸ ಹೋಗಲಿ ಎಂದು ಆರ್ಡಿತ್ ಕಾದಳು. ಅವಳು ಸಿದ್ಧಳಾಗಿದ್ದಳು, ಬಹಳ ದಿನಗಳಲ್ಲಿ ಮೊದಲ ಬಾರಿಗೆ ಉಸಿರು ಹಗುರಾಗಿತ್ತು.

"ಜೋಸ್‌ಗೆ ಗೊತ್ತಾ?" ಎಂದು ರೆನಾಟಾ ಕೇಳಿದಳು.

ಅವಳು ಕೇಳಿದ್ದು ಅದೊಂದನ್ನೇ. ಕಣ್ಣು ತುಂಬಿತ್ತು, ಆದರೂ ರೆಪ್ಪೆ ಬಡಿಯದೆ ಆರ್ಡಿತಳ ಬಾಯನ್ನೇ ನೋಡುತ್ತಿದ್ದಳು. ಹಾರ್ಲನ್ ಹೋದದ್ದು ಹೋಯಿತು, ಅದನ್ನು ಅವಳು ಹೇಗೋ ತಡೆದುಕೊಂಡಾಳು. ಈ ಪ್ರಶ್ನೆಗೆ ಬರುವ ಉತ್ತರವನ್ನು ತಡೆದುಕೊಳ್ಳಲಾರಳು ಎಂಬುದು ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಇಲ್ಲ," ಎಂದಳು ಆರ್ಡಿತ್. "ಅವಳಿಗೇನೂ ಗೊತ್ತಿಲ್ಲ."

"ದೇವರಾಣೆಗೂ?"

"ದೇವರಾಣೆಗೂ."

ರೆನಾಟಾ ತೋಳಿನಿಂದ ಮೂಗು ಒರೆಸಿಕೊಂಡಳು. "ಹಾಗಾದ್ರೆ ಹೇಳ್ಬೇಡಿ ಅವಳಿಗೆ," ಎಂದಳು, "ಗೊತ್ತಾದ್ರೆ ಹೋಗಲ್ಲ ಅವಳು. ನನಗೆ ಗೊತ್ತು ಅವಳು ಎಂಥವಳು ಅಂತ. ನಿಮ್ಮ ಹತ್ರ ನಾನು ಮಾತಾಡಲ್ಲ ಮಿಸೆಸ್ ಕೆ, ಇನ್ಮೇಲೆ. ಆದ್ರೆ ಅವಳಿಗೆ ಹೇಳ್ಬೇಡಿ."

ಅಷ್ಟು ಹೊತ್ತಿಗೆ ಜೋಸ್ಲಿನ್ ಮುಂಬಾಗಿಲಿನಿಂದ ಒಳಗೆ ಬಂದಳು. ಮೂಗು ಕೆಂಪಾಗಿತ್ತು. ರೆನಾಟಾ ಕಟ್ಟೆಯ ಕೆಳಗಿನಿಂದ ನುಸುಳಿ ಓಡಿಹೋಗಿ ಅವಳನ್ನು ತಬ್ಬಿಕೊಂಡು, "ಹೋಗು ಮಾರಾಯ್ತಿ, ಹೋಗು, ನಮ್ಮನ್ನೆಲ್ಲ ಮರೆತು ದೊಡ್ಡ ಮನುಷ್ಯಳಾಗು," ಎಂದು ಗಟ್ಟಿಯಾಗಿ ಅಳತೊಡಗಿದಳು. ಹೆಂಗಸರೆಲ್ಲ ಅತ್ತ ತಿರುಗಿ ಚಪ್ಪಾಳೆ ತಟ್ಟಿದರು. ಜೋಸ್ಲಿನ್ ತೋಳುಗಳನ್ನು ಎತ್ತಲಿಲ್ಲ. ಎರಡೂ ಬದಿಗೆ ಇಳಿಬಿಟ್ಟುಕೊಂಡು, ಗೆಳತಿಯ ಹೆಗಲ ಮೇಲಿಂದ ಅಮ್ಮನನ್ನು ನೋಡುತ್ತ ನಿಂತಳು: ಹೇಳಿದೆಯಾ? ನನಗೆ ಗೊತ್ತಿದ್ದದ್ದನ್ನೂ ಹೇಳಿದೆಯಾ? ಆರ್ಡಿತ್ ಕಟ್ಟೆಯ ಈಚೆಯಿಂದ ಮೆಲ್ಲಗೆ ಇಲ್ಲವೆಂದು ತಲೆಯಾಡಿಸಿದಳು. ಆಗ ಅವಳ ಮಗಳು ಕೈಗಳನ್ನೆತ್ತಿ ರೆನಾಟಾಳನ್ನು ಬಿಗಿಯಾಗಿ ಅಪ್ಪಿಕೊಂಡಳು.